ಕುರ್ಚಿಯಮ್ಮನ ಅಳತೆ

ಬೆಳಗಿನ ಆರೂವರೆಗೆ ಇವರು ದಿನದ ಮೊದಲ ಸಲ ಗಂಡನನ್ನು ಕಳೆದುಕೊಳ್ಳುತ್ತಾರೆ. ಒಂಬತ್ತು ಗಂಟೆಯೊಳಗೆ ಇನ್ನೂ ಏಳು ಸಲ. ಹನ್ನೊಂದು ವರ್ಷದಲ್ಲಿ ಇಷ್ಟು ಗಂಡಂದಿರನ್ನು ಕಳೆದುಕೊಂಡ ಹೆಂಗಸು ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ಕರೆದುಕೊಂಡು ಬನ್ನಿ, ನಾನು ಬರೆಯುವುದನ್ನೇ ಬಿಡುತ್ತೇನೆ.

ವೈದ್ಯಕೀಯ ವಿಶ್ವವಿದ್ಯಾಲಯದ ಮೂರನೇ ಮಹಡಿ. ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ, ಒದ್ದೆ ಕೈಯನ್ನು ನೀಲಿ ಕೋಟಿಗೆ ಒರೆಸಿಕೊಂಡು ಕುರ್ಚಿಯಮ್ಮ ರೋಗಿಯ ಹೆಂಡತಿಯಾಗಿ ಕೂರುತ್ತಾರೆ. ಎದುರಿಗೆ ಇನ್ನೊಂದು ಕುರ್ಚಿ. ಅದರಲ್ಲಿ ಕೂತ ವಿದ್ಯಾರ್ಥಿ, "ನಿಮ್ಮ ಯಜಮಾನರು ಉಳಿಯಲಿಲ್ಲ" ಎಂದು ಹೇಳುವುದನ್ನು ಕಲಿಯಬೇಕು. ಹೇಳಿ ಮುಗಿಸಿ ಅವನು ಹೊರಗೆ ಹೋದ ಮೇಲೆ ಕುರ್ಚಿಯಮ್ಮ ಎದ್ದು, ಅವನು ತನ್ನಿಂದ ಎಷ್ಟು ದೂರ ಇದ್ದಂತೆ ಅನ್ನಿಸಿತೋ ಅಲ್ಲಿಗೆ ಅವನ ಕುರ್ಚಿಯನ್ನು ಎಳೆದಿಡುತ್ತಾರೆ. ಅವನು ಮರಳಿ ಬಂದು, ಕುರ್ಚಿ ಅಲ್ಲಿಗೆ ಯಾಕೆ ಹೋಯಿತೆಂದು ಅದರಲ್ಲೇ ಕೂತು ಒಂದು ಪುಟ ಬರೆಯಬೇಕು. ಕುರ್ಚಿ ಬಾಗಿಲ ತನಕ ಹೋದವರಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ, ಮತ್ತೆ ಬರಬೇಕು.

ಚಿನ್ನದ ಪದಕದ ಒಬ್ಬ ಮಹಾಶಯನ ಕುರ್ಚಿ ಮೂರು ಮಹಡಿ ಇಳಿದು, ಸೈಕಲ್ ಸ್ಟ್ಯಾಂಡ್ ದಾಟಿ, ಗೇಟಿನಾಚೆ ಹೋಗಿತ್ತು. ಇನ್ನೂ ನಾಲ್ಕು ಹೆಜ್ಜೆ ಎಳೆದಿದ್ದರೆ ದೇಶದ ಗಡಿಯೇ ಸಿಗುತ್ತಿತ್ತು.

"ಅವ್ನು ತಪ್ಪೇನೂ ಮಾತಾಡ್ಲಿಲ್ಲ," ಎನ್ನುತ್ತಾರೆ ಕುರ್ಚಿಯಮ್ಮ. "ಎಲ್ಲಾ ಬಾಯಿಪಾಠ. ಆದ್ರೆ ಗಡಿಯಾರ ನೋಡ್ಕೊಂಡು ಹೇಳ್ದ. ಆಮೇಲೆ ಬಿಸಿಲಲ್ಲಿ ಕೂತು ನಾಲ್ಕು ಪುಟ ಬರ್ದ, ಪಾಪ."

ಇವರು ಇಲ್ಲಿ ಕಸ ಗುಡಿಸುವವರು. ದಿನಕ್ಕೆ ಹದಿನಾರು ಕೋಣೆ, ಎರಡು ಕಾರಿಡಾರ್, ತೊಂಬತ್ತಾರು ಮೆಟ್ಟಿಲು. ಹನ್ನೊಂದು ವರ್ಷದ ಹಿಂದೆ, ರೋಗಿಯ ಹೆಂಡತಿಯಾಗಿ ನಟಿಸಬೇಕಿದ್ದ ಕಲಾವಿದೆ ಕೈಕೊಟ್ಟ ದಿನ, ಪ್ರೊಫೆಸರ್ ಮೇಡಂ ಇವರ ಪೊರಕೆ ಕೆಳಗಿಡಿಸಿ ಕೂರಿಸಿದರು. ಕೊನೆಗೆ, ಹೇಗನ್ನಿಸಿತು ಬರೆದುಕೊಡಿ ಎಂದರು.

"ನಂಗೆ ಬರೆಯೋಕೆಲ್ಲಿ ಬರುತ್ತೆ? ಕುರ್ಚಿ ಎಳೆಯೋಕೆ ಬರುತ್ತೆ. ಗುಡಿಸೋವಾಗ ದಿನಾ ಮಾಡೋದು ಅದೇ ತಾನೆ?"

ಮೇಡಂ ಈ ಪದ್ಧತಿಯ ಬಗ್ಗೆ ಪ್ರಬಂಧ ಮಂಡಿಸಿ ಏಳು ಸಮುದ್ರ ದಾಟಿ ಬಂದರು. ಕುರ್ಚಿಯಮ್ಮ ತೊಂಬತ್ತಾರು ಮೆಟ್ಟಿಲು ದಾಟುತ್ತಲೇ ಇದ್ದಾರೆ.

ಇಂದು ಕೊನೆಗೆ ಬಂದವಳು ಎರಡು ಸಲ ಸೋತ ಹುಡುಗಿ. ಎರಡು ಸಲವೂ ಅವಳ ಕುರ್ಚಿ ಬಾಗಿಲು ಮುಟ್ಟಿದೆ. ಈ ಸಲವೂ ಮುಟ್ಟಿದರೆ ಒಂದು ವರ್ಷ ಹೋದಂತೆ.

"ಅಮ್ಮಾ, ಇವತ್ತು ಕುರ್ಚಿಗೆ ಮೊಳೆ ಹೊಡ್ದುಬಿಡ್ತೀನಿ."

"ಹೊಡಿ, ಹೊಡಿ. ನೆಲದ ಸಮೇತ ಎಳೀತೀನಿ."

ನಗು ಅಲ್ಲಿಗೇ ಮುಗಿಯುತ್ತದೆ. ಇಲ್ಲಿಂದ ಮುಂದೆ ನಾನು ಒಂದಕ್ಕೆ ಎರಡು ಸೇರಿಸಿಲ್ಲ. ಹುಡುಗಿ ಕೂರುತ್ತಾಳೆ. ಕಲಿತ ಮಾತು ಬಾಯಿಗೆ ಬರುವುದಿಲ್ಲ. "ಅಮ್ಮಾ... ಅವ್ರು ಹೋಗ್ಬಿಟ್ರು," ಎನ್ನುತ್ತಾಳೆ.

"ಬೆಳಿಗ್ಗೆ ಮಾತಾಡಿದ್ರಲ್ಲ?" ಕುರ್ಚಿಯಮ್ಮನ ದನಿ ಸಣ್ಣದಾಗುತ್ತದೆ.

"ಹೂಂ. ಮಾತಾಡಿದ್ರು."

ಹುಡುಗಿ ಗಡಿಯಾರ ನೋಡುವುದಿಲ್ಲ, ಏಳುವ ಅವಸರವನ್ನೂ ತೋರುವುದಿಲ್ಲ. ಬಹಳ ಹೊತ್ತಾದ ಮೇಲೆ ಕುರ್ಚಿಯಮ್ಮನೇ ತಲೆಯಾಡಿಸಿ ಅವಳನ್ನು ಹೊರಗೆ ಕಳಿಸುತ್ತಾರೆ. ಕುರ್ಚಿಯ ಕಾಲು ಕಿರ್ರೆನ್ನುತ್ತದೆ. ಬಾಗಿಲ ಗಾಜಿನಾಚೆ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಾಳೆ.

ಒಳಗೆ ಬಂದು ನೋಡುತ್ತಾಳೆ. ಕುರ್ಚಿ ಒಂದು ಗೇಣು ಮುಂದೆ ಬಂದಿದೆ.

ಅವಳು ಅದರಲ್ಲಿ ಕೂತು ಬರೆಯತೊಡಗಿದರೆ, ಕುರ್ಚಿಯಮ್ಮ ಆಗಲೇ ಕಾರಿಡಾರ್ ಗುಡಿಸುತ್ತಿದ್ದಾರೆ. ಇವರ ನಿಜವಾದ ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷ. ಆ ಸುದ್ದಿ ಹೇಳಿದ ಡಾಕ್ಟರ ಕುರ್ಚಿಯನ್ನು ಎಲ್ಲಿಡುತ್ತೀರಿ ಎಂದು ಕೇಳುತ್ತೇನೆ. ಪೊರಕೆ ನಿಲ್ಲುತ್ತದೆ.

"ಅವ್ರು ಕೂತೇ ಇರ್ಲಿಲ್ಲ. ನಡ್ಕೊಂಡು ಹೋಗ್ತಾ ಹೇಳಿದ್ರು. ಯಾರ ವಿಷ್ಯ ಅಂತ ತಿಳೀಲಿಲ್ಲ ನಂಗೆ. ಹಿಂದೆ ಓಡ್ಹೋಗಿ ಇನ್ನೊಂದ್ಸಲ ಕೇಳ್ಬೇಕಾಯ್ತು."

ಎರಡು ಬೀಸು ಗುಡಿಸಿ ಮತ್ತೆ ನಿಲ್ಲುತ್ತಾರೆ.

"ನಂಗೂ ವಯಸ್ಸಾಯ್ತು. ಒಂದಿನ ನನ್ನ ಮಗಳಿಗೂ ಯಾರೋ ಬಂದು ಹೇಳ್ಬೇಕಲ್ಲ. ಇಲ್ಲಿ ಕಲ್ತೋರೇ ಯಾರಾದ್ರೂ ಆಗ್ಲಿ. ಕೂತ್ಕೊಂಡು ಹೇಳ್ಲಿ."