ಕಮಲಾಳ ಹಸಿರು ಬಳೆಗಳು

ಈ ದಿನ ಬೆಳಿಗ್ಗೆ ಹಾಲು ಒಲೆಗಿಟ್ಟು, ಕಾರ್ಖಾನೆ ಬಸ್ಸಿಗೆ ಹೊರಟ ಯಜಮಾನರಿಗೆ ಡಬ್ಬಿ ಕಟ್ಟಿ, ಹೊಸ ಕೆಂಪು ಸೋಪಿನ ಕಾಗದ ಬಿಡಿಸಿದೆ. ಆಸ್ಪತ್ರೆಯಂಥ ಆ ವಾಸನೆಗೆ ಕೈ ತಾನಾಗಿಯೇ ಬಳೆಗಳನ್ನು ಮೊಣಕೈವರೆಗೆ ತಳ್ಳಿತು. "ಅಮ್ಮ ಆಪರೇಷನ್ನಿಗೆ ಹೊರಟ್ಳು," ಎಂದು ಮಗಳು ನಕ್ಕಳು. ಅವಳಿಂದಲೇ ಅಂಟಿದ ಅಭ್ಯಾಸವೆಂದು ಅವಳಿಗೆಲ್ಲಿ ನೆನಪಿರುತ್ತದೆ?

ಅವಳು ತಿಂಗಳು ತುಂಬುವ ಮೊದಲೇ ಪೀಣ್ಯದ ಒಂದು ಪುಟ್ಟ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದವಳು. ಅಂಗೈಯಷ್ಟಿದ್ದಳು ಎಂದರೆ ಉತ್ಪ್ರೇಕ್ಷೆ. ಒಂದೂವರೆ ಅಂಗೈ ಎನ್ನಿ. ಪಕ್ಕದ ತೊಟ್ಟಿಲ ಮಗುವಿನ ಹೊಕ್ಕುಳಲ್ಲಿ ಕೀವು ಕಂಡಿತ್ತು. ಅದೇನೋ ಚೇತರಿಸಿಕೊಂಡಿತು, ನನ್ನ ಮಗಳಿಗೆ ಅಂಥ ತ್ರಾಣವಿರಲಿಲ್ಲ. ಡಾಕ್ಟರಮ್ಮ ಕಟ್ಟಳೆ ಮಾಡಿದರು: ಬಳೆ ತೆಗೆದು ಮೊಣಕೈವರೆಗೆ ತೊಳೆಯದವರು ಮಗು ಮುಟ್ಟುವಂತಿಲ್ಲ. ಕಾನ್ವೆಂಟಿನಲ್ಲಿ ದಿನಾ ಉಗುರು ತೋರಿಸಿ ಬೆಳೆದ ನನಗೆ ಕೈ ತೊಳೆಯುವುದರಲ್ಲಿ ಕೊಂಚ ಜಂಬವಿತ್ತು. ಬಳೆಯ ಕೆಳಗೂ ಕೊಳೆ ಕೂರುತ್ತದೆಂದು ಹೊಳೆದಿರಲಿಲ್ಲ.

ಇಕ್ಕಟ್ಟಿಗೆ ಸಿಕ್ಕಿದವಳು ನರ್ಸ್ ಕಮಲಾ. ಹೊಸದಾಗಿ ಮದುವೆಯಾಗಿದ್ದಳು, ಕೈ ತುಂಬ ಹಸಿರು ಗಾಜಿನ ಬಳೆ. ನನ್ನ ಮಗಳಿಗೆ ಹನಿಹನಿಯಾಗಿ ಹಾಲು ಕುಡಿಸಲು ಬರುತ್ತಿದ್ದುದು ಅವಳೊಬ್ಬಳಿಗೇ.

"ಬಳೆ ತೆಗೀಬಾರ್ದು ಅಂದಿದ್ದಾರೆ ಮೇಡಂ, ನಮ್ಮತ್ತೆ."

"ಹಾಗಾದ್ರೆ ಬೇರೆ ವಾರ್ಡಿಗೆ ಹೋಗು," ಎಂದರು ಡಾಕ್ಟರಮ್ಮ.

ನನ್ನ ಅತ್ತೆ ಬಾಗಿಲಲ್ಲೇ ಇದ್ದರು. ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆಗೆ ತಮ್ಮ ಬಳೆಗಳನ್ನು ಆಗಲೇ ಸೆರಗಿನ ಗಂಟಿಗೆ ಸೇರಿಸಿ, ಕೈ ತೊಳೆದು ಕಾಯುತ್ತಿದ್ದರು. ಈಗ ಸೋಪು ಹಿಡಿದು, "ಕೈ ಕೊಡೇ ಇಲ್ಲಿ," ಎಂದು ಕಮಲಾಳ ಬಳೆಗಳನ್ನು ಒಂದೂ ಒಡೆಯದಂತೆ ಜಾರಿಸಿ, ತಮ್ಮ ಸಣಕಲು ಕೈಗೆ ಏರಿಸಿಕೊಂಡರು. "ಡ್ಯೂಟಿ ಮುಗಿಯೋವರ್ಗೂ ಮುತ್ತೈದೆ ಕೈಲೇ ಇರ್ತವೆ. ನಿಮ್ಮತ್ತೆ ಕೇಳಿದ್ರೆ ನನ್ಹತ್ರ ಕಳ್ಸು."

ಕಮಲಾ ತೊಳೆದು ಬಂದು ಮಗುವನ್ನೆತ್ತಿದಳು. ಅತ್ತೆಯೂ ಕೈ ಚಾಚಿದರು. ಬಳೆ ಘಲ್ಲೆಂದಿತು.

"ಅಮ್ಮಾ, ಈಗ ನೀವು ಮುಟ್ಟಂಗಿಲ್ಲ," ಎಂದಳು ಕಮಲಾ, ನಗು ತಡೆದುಕೊಂಡು.

"ಹೌದಲ್ವೇ," ಎಂದು ಅತ್ತೆ ಕೈಗಳನ್ನು ಹಿಂದೆ ಕಟ್ಟಿಕೊಂಡರು. ಸಂಜೆ ಬಳೆ ಹಿಂದಿರುಗಿಸುವ ಹೊತ್ತಿಗೆ ಅವರ ಬಸ್ಸಿನ ಸಮಯ. ಮಗಳು ಮೈಕೈ ತುಂಬಿಕೊಂಡು ಮನೆಗೆ ಬರುವವರೆಗೂ ಹೀಗೇ, ಘಲಘಲ ಎನ್ನುತ್ತ ಬಾಗಿಲಲ್ಲೇ ಕೂತರು. ಇದನ್ನು ನಾನು ಇಷ್ಟು ವರ್ಷ ತಮಾಷೆಯಾಗಿಯೇ ಹೇಳಿಕೊಂಡು ಬಂದಿದ್ದೇನೆ.

ಇವತ್ತು ಸಂಜೆ ಪಕ್ಕದ ಮನೆಯ ಶಾಂತಮ್ಮನವರ ಹೊಸ ಮೊಮ್ಮಗನನ್ನು ನೋಡಲು ಹೋದೆ. ಕೈ ತೊಳೆಯಲು ಬಳೆ ಬಿಚ್ಚಿ ಕಟ್ಟೆಯ ಮೇಲಿಟ್ಟೆ.

"ಅಲ್ಲಿಡ್ಬೇಡಿ ಕಣ್ರೀ, ಬಿದ್ದು ಒಡೆದ್ಹೋಗ್ತವೆ," ಎಂದರು ಶಾಂತಮ್ಮ. "ತನ್ನಿ, ನಾನು ಹಾಕ್ಕೊಂಡಿರ್ತೀನಿ. ಮಗೂನ ನೀವೆತ್ಕೊಳ್ಳಿ, ನಂದು ಇದ್ದಿದ್ದೇ."