ಮಿಕ್ಸಿ ನುಂಗಿದ ಮಾತು

ಅಣ್ಣಿಗೇರಿಯ ಎರೆನೆಲದಲ್ಲಿ ಹುಟ್ಟಿದ ಅಡಿವೆಪ್ಪನವರು ಬಾಲ್ಯದಲ್ಲಿ ಕಂಡ ಅತಿ ಎತ್ತರದ ವಸ್ತುವೆಂದರೆ ಹತ್ತಿಯ ಅಂಡಿಗೆ ಹೇರಿದ ಲಾರಿ. ಬಹುಶಃ ಅದಕ್ಕೇ, ಅಮೆರಿಕದ ಕ್ಯಾಂಪ್‌ಬೆಲ್‌ಗೆ ಬಂದು ಕಂಪ್ಯೂಟರ್ ಚಿಪ್ಪು ಪರೀಕ್ಷಿಸುತ್ತ ತಲೆ ನರೆತ ಮೇಲೆ ಅವರಿಗೆ ಪರ್ವತದ ಹುಚ್ಚು ಹಿಡಿಯಿತು. ಅದೂ ಕುರ್ಚಿಯಲ್ಲಿ ಕೂತೇ ತೀರಿಸಿಕೊಳ್ಳುವ ಹುಚ್ಚು. ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಫೋಟೊ ನೋಡುವುದು ಉಸಿರಿಗಾಗಿ ಎಂದು ಹೆಂಡತಿ ನಾಗವ್ವನಿಗೆ ಗೊತ್ತಿತ್ತು.

ಅವರು ಮನಸ್ಸಿಟ್ಟದ್ದು ಭೂತಾನ್-ಟಿಬೆಟ್ ಗಡಿಯ ಗಂಗ್‌ಖರ್ ಪುಯೆನ್‌ಸುಮ್ ಶಿಖರದ ಮೇಲೆ. ಎಂಬತ್ತರ ದಶಕದಲ್ಲಿ ಹೋದ ತಂಡಗಳೆಲ್ಲ ಸೋತು ಬಂದವು; ಮೊದಲ ತಂಡಕ್ಕೆ ನಕ್ಷೆ ಸರಿಯಿಲ್ಲದೆ ಬೆಟ್ಟವೇ ಸಿಗಲಿಲ್ಲವಂತೆ. ಆಮೇಲೆ ಭೂತಾನ್ ಪರ್ವತಾರೋಹಣವನ್ನೇ ನಿಷೇಧಿಸಿತು. ಆ ನೆತ್ತಿಯನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಜೊತೆಗೆ ಕೆಲಸಕ್ಕೆ ಸೇರಿದವರೆಲ್ಲ ಡೈರೆಕ್ಟರುಗಳಾಗಿ ಮೇಲೇರಿದ್ದನ್ನು ಕೆಳಗಿನಿಂದ ನೋಡಿದ ಅಡಿವೆಪ್ಪನವರಿಗೆ, ಯಾರೂ ತನಗಿಂತ ಮೇಲೆ ಹೋಗದ ಜಾಗವೊಂದು ಭೂಮಿಯ ಮೇಲಿದೆ ಎಂಬುದೇ ಸಮಾಧಾನ. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಅವರು ಬಾಯಿ ತೆರೆದರೆ ನೆಂಟರಿಗೆ ಫ್ರೀವೇ ಟ್ರಾಫಿಕ್ಕು ನೆನಪಾಗುತ್ತಿತ್ತು.

ಡ್ಯಾನ್‌ವಿಲ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಬೆಂಗಳೂರಿನ ಪ್ರಭಾ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರು. ಚಟ್ನಿಗೆ ಮಿಕ್ಸಿ ಹಾಕುತ್ತಲೇ ಕೇಳಿದರು: “ವೀಕೆಂಡಲ್ಲಿ ಏನ್ ಮಾಡ್ತೀರಾ ಸರ್?”

“ಗಂಗ್‌ಖರ್ ಪುಯೆನ್‌ಸುಮ್ ಅಂತ ಒಂದು ಬೆಟ್ಟ ಐತ್ರಿ. ಅದರ ಬಗ್ಗೆ ಓದಾಕ ಹತ್ತೇನ್ರಿ.”

“ಅಯ್ಯೋ! ಎಷ್ಟು ಹೈಟು?”

“ಏಳು ಸಾವಿರದ ಐನೂರಾ ಎಪ್ಪತ್ತು ಮೀಟರ್ ರೀ.”

ಪ್ರಭಾ ಕಣ್ಣರಳಿಸಿದರು. ಅಡಿವೆಪ್ಪನವರು ಅದನ್ನು ಭೂಗೋಳದ ಮೇಲಿನ ಪ್ರೀತಿ ಎಂದುಕೊಂಡರು.

ಮರುದಿನ ವಾಟ್ಸಾಪ್ ಗುಂಪಿನಲ್ಲಿ ಬಣ್ಣದ ಪೋಸ್ಟರು ಬಂತು: ‘ಗಂಗ್‌ಖರ್ ಪುಯೆನ್‌ಸುಮ್ ಹತ್ತಿದ ನಮ್ಮ ಅಡಿವೆಪ್ಪ ಸರ್! ಭಾನುವಾರ ಕನ್ನಡ ಕ್ಲಾಸಲ್ಲಿ!’

“ಯಾವಾಗ ಹತ್ತಿದ್ರಿ?” ಎಂದಳು ನಾಗವ್ವ. “ನಾ ಜಳಕಕ್ಕ ಹೋದಾಗೇನು?”

“ಓದಾಕ ಹತ್ತೇನಿ ಅಂದಿದ್ದೆ. ‘ಅದರ ಬಗ್ಗೆ ಓದಾಕ’ ಮಿಕ್ಸ್ಯಾಗ ಹೋತು. ‘ಹತ್ತೇನಿ’ ಅಷ್ಟ ಉಳೀತು.”

“ಫೋನ್ ಹಚ್ಚಿ ಹೇಳ್ರಿ ಮತ್ತ.”

ಫೋನು ಎತ್ತಿದರು, ಇಟ್ಟರು. ನಿಜ ಹೇಳಿದರೆ ಕಾರ್ಯಕ್ರಮ ರದ್ದು. ತಮ್ಮ ಬೆಟ್ಟದ ಕತೆ ಕೇಳಲೆಂದೇ ಜನ ಕೂರುತ್ತಿದ್ದುದು ಇದೇ ಮೊದಲು. ಎಲ್ಲರೂ ಕೂತ ಮೇಲೆ ಹೇಳಿದರಾಯಿತು, ಏಳುವುದಕ್ಕೆ ಸಂಕೋಚವಾದರೂ ಆದೀತು ಎಂದು ಲೆಕ್ಕ ಹಾಕಿದರು. ಭಾನುವಾರ ದಪ್ಪ ಜಾಕೆಟ್ಟು ತೊಟ್ಟು ಕನ್ನಡಿ ನೋಡಿಕೊಂಡರು. ಪರ್ವತಾರೋಹಿ ಕಾಣಲಿಲ್ಲ, ಚಳಿಜ್ವರ ಬಂದ ಗುಮಾಸ್ತ ಕಂಡ. ಬಿಚ್ಚಿಟ್ಟು ಹೊರಟರು.

ಚಪ್ಪಾಳೆ ನಿಂತಿತು. ಕ್ಲಾಸಿನ ವೇದಿಕೆಯ ಮೇಲೆ ನಿಂತ ಅಡಿವೆಪ್ಪನವರು ಮೈಕು ಹತ್ತಿರ ಎಳೆದುಕೊಂಡರು.

“ಮೊದ್ಲ ಒಂದು ಮಾತು. ನಾ ಆ ಬೆಟ್ಟ ಹತ್ತಿಲ್ರಿ. ನಮ್ಮ ಕಡೆ ಏನರ ಮಾಡ್ತಿದ್ರ ಮಾಡಾಕ ಹತ್ತೇನಿ ಅಂತೀವಿ. ಈಗ ನಾ ನಿಮ್ಮ ಮುಂದ ಬೆವರಾಕ ಹತ್ತೇನಿ. ಹಂಗ, ಆ ಬೆಟ್ಟದ ಬಗ್ಗೆ ಓದಾಕ ಹತ್ತೇನಿ. ಅಷ್ಟ.”

ಪ್ರಭಾ ಬಾಯಿಗೆ ಕೈಯಿಟ್ಟುಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬ ತಂದೆ ಕಾರಿನ ಕೀಲಿ ಎತ್ತಿಕೊಂಡ. ಆ ಸದ್ದು ಅಡಿವೆಪ್ಪನವರಿಗೆ ಹಿಮ ಕುಸಿದಂತೆ ಕೇಳಿಸಿತು.

ಮುಂದಿನ ಸಾಲಿನ ಪುಟ್ಟ ಗಾರ್ಗಿ ಕೈಯೆತ್ತಿದಳು. “ಅಂಕಲ್, ದೆನ್ ಹೂ ಕ್ಲೈಂಬ್ಡ್ ಇಟ್?”

“ಯಾರೂ ಹತ್ತಿಲ್ಲವ್ವಾ.”

“ನೋಬಡಿ? ಎವರ್?”

ಕೀಲಿ ಮೇಜಿಗೆ ಮರಳಿತು. ಅಡಿವೆಪ್ಪನವರು ಹೇಳತೊಡಗಿದರು: ಬೆಟ್ಟವೇ ಸಿಗದೆ ಮರಳಿದವರ ಕತೆ, ಗಾಳಿ ಹಿಂದಕ್ಕಟ್ಟಿದವರ ಕತೆ, ದೇವರಿರುವ ಜಾಗ ಹಾಗೇ ಇರಲಿ ಎಂದ ಹಳ್ಳಿಗರ ಕತೆ. ಒಬ್ಬರೂ ಏಳಲಿಲ್ಲ.

ಕೊನೆಗೆ ಗಾರ್ಗಿ ಬೆರಳು ಮಡಚಿ ಯೋಚಿಸಿದಳು. “ಯಾರೂ ಹತ್ತಿಲ್ಲ. ನೀವೂ ಹತ್ತಿಲ್ಲ. ಸೋ ಎಲ್ಲರ್ ಜೊತೆ ನೀವೂ ಫಸ್ಟು!”

ಬದುಕಿನಲ್ಲಿ ಮೊದಲ ಬಾರಿಗೆ ಮೊದಲ ಸ್ಥಾನ ಪಡೆದ ಅಡಿವೆಪ್ಪನವರು ಕನ್ನಡಕ ಒರೆಸಿಕೊಂಡರು.

“ಓ ಫಸ್ಟ್ ಬಂದವರ,” ಹಿಂದಿನಿಂದ ನಾಗವ್ವ ಕೂಗಿದಳು, “ಇಳೀರಿನ್ನ. ಉಪ್ಪಿಟ್ಟು ಆರಾಕ ಹತ್ತೇತಿ.”