ಚುಕ್ಕಿ ಕಾಯ್ದ ಟೈಪಿಂಗ್ ಮಿಸ್

ಅವರ ಎರಡೂ ಕೈಗಳ ಕಿರುಬೆರಳು ಹೊರಕ್ಕೆ ಸ್ವಲ್ಪ ಬಾಗಿದ್ದವು. ಹಳೆಯ ಟೈಪ್‌ರೈಟರಿನ ಗಟ್ಟಿ ಕೀಲಿಗಳನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಹಾಗಾಗಿತ್ತಂತೆ. ಟೀ ಲೋಟ ಹಿಡಿದಾಗಲೂ ಆ ಎರಡು ಬೆರಳು ಲೋಟ ಮುಟ್ಟದೆ ಗಾಳಿಯಲ್ಲಿ ನಿಂತಿರುತ್ತಿದ್ದವು, ಯಾವುದೋ ಅಕ್ಷರಕ್ಕೆ ಕಾಯುತ್ತಿರುವ ಹಾಗೆ.

ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಸೊಸೆಯಾಗಿ ಬಂದ ವರ್ಷ ನಾನು ಅವರ ಬಳಿ ಟೈಪಿಂಗ್ ಕಲಿಯಲು ಸೇರಿದೆ. ಊರಿನವರಿಗೆ ಅವರು ಟೈಪಿಂಗ್ ಅಕ್ಕ. ನನ್ನದು ಕಾನ್ವೆಂಟಿನ ನಾಲಿಗೆ. ಮಿಸ್ ಎಂದೇ ಕರೆದೆ. ಟೈಪಿಂಗ್ ಪರೀಕ್ಷೆಗೆ ಕೂರುವವರು ಕಡಿಮೆಯಾದ ಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಶುರು ಮಾಡಿದರು. ಯಾರ ಹತ್ತಿರ ಕಲಿತಿರಿ ಎಂದರೆ, "ಬಿಚ್ಚಿ ಬಿಚ್ಚಿ ಕಲ್ತೆ ಕಣಮ್ಮ. ಮುಚ್ಚೋದೇ ಕಷ್ಟ ಆತು" ಎಂದು ನಗುತ್ತಿದ್ದರು.

ಯಂತ್ರ ಬಿಚ್ಚುವ ಮೊದಲು ಬಳೆ ತೆಗೆದು ಕಿಟಕಿಯ ಮೇಲಿಡುವರು. ಕಿಟಕಿಯ ಸರಳನ್ನು ಅಂಗೈಯಿಂದ ಒಮ್ಮೆ ಮುಟ್ಟುವರು. ಯಾವ ದೇವರಿಗೋ ನಮಸ್ಕಾರ ಎಂದುಕೊಂಡಿದ್ದೆ. "ಮೈಯಾಗಿನ ಕರೆಂಟು ಇಳಿಸ್ಕಂಡೆ" ಎಂದರು. ಕೆಲಸ ಮುಗಿದರೆ ರಿಪೇರಿ ಆಯಿತು ಎಂದು ಎಂದೂ ಹೇಳಿದವರಲ್ಲ. "ಈಗ ಸುಮ್ಕೈತೆ" ಎನ್ನುವರು, ಅತ್ತು ಮಲಗಿದ ಮಗುವಿನ ಬಗ್ಗೆ ಹೇಳುವಂತೆ.

ನಮ್ಮ ತಂದೆ ರೇಷ್ಮೆ ಸೀರೆಯ ಅಂಚಿಗೆ ನಕ್ಷೆ ಬರೆಯುತ್ತಿದ್ದರು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅರ್ಧ ಮಾತು ತೆಲುಗು. ನಾವು ಅವರನ್ನು ನಾಯ್ನ ಎನ್ನುತ್ತಿದ್ದೆವು. ಚೌಕಳಿ ಕಾಗದದ ಮೇಲೆ ಒಂದೊಂದೇ ಚುಕ್ಕಿ ಇಟ್ಟು ಹಕ್ಕಿ, ಹೂವು, ರುದ್ರಾಕ್ಷಿ ಎಬ್ಬಿಸುವರು. ಒಂದು ಚುಕ್ಕಿ ಎಂದರೆ ಮಗ್ಗದಲ್ಲಿ ಒಂದು ಎಳೆ ಮೇಲೇಳಬೇಕು. ಚುಕ್ಕಿ ತಪ್ಪಿದರೆ ಸೀರೆಯ ಉದ್ದಕ್ಕೂ ತಪ್ಪು. ಅವರು ತೀರಿಕೊಂಡ ಮೇಲೆ ಕಾಗದಗಳಿಗೆಲ್ಲ ಗೆದ್ದಲು ಹತ್ತಿತು. ಪುಣ್ಯಕ್ಕೆ ಅಷ್ಟರಲ್ಲಿ ನಾನು ಅವನ್ನು ನಮ್ಮ ಕಂಪ್ಯೂಟರಿಗೆ ಇಳಿಸಿದ್ದೆ. ಮೊಳಕಾಲ್ಮೂರಿನಲ್ಲಿ ಮಗ್ಗ ನಡೆಸುವ ತಮ್ಮನಿಗೆ ಬೇಕಾದ ಅಂಚನ್ನು ತೆಗೆದು ಕಳಿಸುವವಳು ನಾನೇ. ನಾಯ್ನನ ಕೈ ಎಂದು ಉಳಿದದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ಕಂಪ್ಯೂಟರ್ ತೀರ ನಿಧಾನವಾದಾಗ ಮಿಸ್ ಬಂದು ಪ್ರೊಸೆಸರ್, ಮದರ್‌ಬೋರ್ಡ್ ಎರಡನ್ನೂ ಬದಲಾಯಿಸಿದರು. "ಮೊದ್ಲು ಎಲ್ಲದರದ್ದೂ ಒಂದು ಕಾಪಿ ತಗೊಂಬಿಡಾನಮ್ಮ" ಎಂದಿದ್ದರು. ಅಂಚು ಬೇಗ ಕಳಿಸು ಎಂದು ನನ್ನ ತಮ್ಮ ಫೋನಿನಲ್ಲಿ ಅವಸರ ಮಾಡುತ್ತಿದ್ದ. "ಆಮೇಲೆ ತಗೊಳ್ಳೋಣ ಮಿಸ್" ಎಂದವಳು ನಾನು.

ಮೂರನೆಯ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಅಡುಗೆಮನೆಯಿಂದ ನೋಡುತ್ತೇನೆ, ಆಚೆ ಕೋಣೆಯ ಗೋಡೆಯ ಮೇಲೆ ಬಿಳಿ ಬೆಳಕು ಬಂದು ಹೋಯಿತು. ಹೋಗಿ ನೋಡಿದರೆ ಕಂಪ್ಯೂಟರ್ ತಾನೇ ಆರಿ ತಾನೇ ಹೊತ್ತಿಕೊಂಡಿದೆ. ಪರದೆಯ ತುಂಬ ನಾಯ್ನನ ಗಿಣಿ ಅಂಚು. ಅವರು ಕೊನೆಗೆ ಬರೆದದ್ದು ಅದು. ಇನ್ನೂ ಯಾರೂ ನೇಯ್ದಿರಲಿಲ್ಲ. ಕೊನೆಗೆ ನೋಡಿದ ನಕ್ಷೆಯನ್ನು ಅಂಚು ಬರೆಯುವ ಪ್ರೋಗ್ರಾಮು ತಾನೇ ತೆರೆಯುತ್ತದೆ ಎಂದು ಮಿಸ್ ಆಮೇಲೆ ವಿವರಿಸಿದರು. ಆ ಹೊತ್ತಿಗೆ ನನಗದು ಗೊತ್ತಿರಲಿಲ್ಲ. ಹೊರಗೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಮಾತ್ರ ಕಿಟಕಿಯಲ್ಲಿ ನಿಂತಿತ್ತು.

ದಿನವೂ ಹಾಗೇ ಆಗತೊಡಗಿತು. ಮಿಸ್ ಮೂರು ಸಲ ಬಂದರು. "ಮಿಲ್ಲಿನ ಮೋಟಾರು ಎದ್ದಾಗ ಕರೆಂಟು ಕುಗ್ತೈತೆ" ಎಂದು ತಮ್ಮ ಅಂಗಡಿಯ ಯುಪಿಎಸ್ ತಂದಿಟ್ಟರು. ನಿಲ್ಲಲಿಲ್ಲ. ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಪೆಟ್ಟಿಗೆ ಬದಲಿಸಿದರು, ಫ್ಯಾನು ಬಿಚ್ಚಿ ಕೂರಿಸಿದರು. ನಿಲ್ಲಲಿಲ್ಲ. ಮೂರನೆಯ ಸಲ ಕಂಪ್ಯೂಟರಿನ ಬೆನ್ನಿಗೆ ಅಂಗೈ ಇಟ್ಟು ಬಹಳ ಹೊತ್ತು ಕುಳಿತಿದ್ದರು. "ಬಿಸಿ ಇಲ್ಲ. ಆದ್ರೂ ಎಲ್ಲೋ ಏನೋ ಮರೀತೈತೆ" ಎಂದಷ್ಟೇ ಹೇಳಿ ಎದ್ದರು.

ಕಾನ್ವೆಂಟಿನಲ್ಲಿ ಸಿಸ್ಟರು ನಮಗೆ ಕ್ರಾಸ್ ಸ್ಟಿಚ್ ಕಲಿಸಿದ್ದರು. ಒಂದು ಹೊಲಿಗೆ ತಪ್ಪಿದರೂ ಕಣ್ಣಿಗೆ ಚುಚ್ಚುವ ಚಟ ಅಲ್ಲಿಂದ ಬಂದದ್ದು. ಮಾರನೆಯ ದಿನ ಪರದೆ ತಾನೇ ಎದ್ದಾಗ ಹತ್ತಿರ ಹೋಗಿ ಚೌಕಳಿಯ ಮನೆ ಎಣಿಸಿದೆ. ಗಿಣಿಯ ಕಣ್ಣು ಒಂದು ಮನೆ ಹಿಂದಕ್ಕೆ ಸರಿದಿತ್ತು.

ತಮ್ಮನಿಗೆ ಫೋನು ಮಾಡಿದೆ. ಆ ಕಡೆ ಅವನ ಮಗ್ಗದ ಸದ್ದು ನಿಂತಿತು. ಆಮೇಲೆ ಹೇಳಿದ: "ಅಕ್ಕಾ, ಆಸ್ಪತ್ರ್ಯಾಗೆ ನಾಯ್ನ ನನಗೆ ಅದನ್ನೇ ಹೇಳಿದ್ದು. ಗಿಣಿ ಎಲ್ಲೋ ನೋಡ್ತೈತೆ, ಕಣ್ಣು ಒಂದು ಚುಕ್ಕಿ ಹಿಂದಕ್ಕೆ ಇಡಬೇಕು ಅಂತ. ನಾನು ನಿನಗೆ ಹೇಳೇ ಇರಲಿಲ್ಲ."

ಮಂಗಳವಾರ ಬಸ್ಸು ಹತ್ತಿ ಬಂದೇಬಿಟ್ಟ. ಕಂಪ್ಯೂಟರಿನ ಮುಂದೆ ಊದಿನಕಡ್ಡಿ ಹಚ್ಚಿ, ಕೈಮುಗಿದು ಕುಳಿತ. ನಾನೂ ಹಿಂದೆ ನಿಂತೆ; ಸುಳ್ಳೇಕೆ ಹೇಳಲಿ, ನನಗೂ ನಾಯ್ನನ ಬೀಡಿಯ ವಾಸನೆ ಬಂದಂತಾಯಿತು. ಅಷ್ಟರಲ್ಲಿ, ಗಿಣಿಯ ಕಣ್ಣಿನ ಸುದ್ದಿ ನನ್ನಿಂದ ಕೇಳಿದ್ದ ಮಿಸ್ ಬಂದರು.

"ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದ ತಮ್ಮ.

"ಮುಟ್ಟಲ್ಲ ಬಿಡಪ್ಪ. ಊದಿನಕಡ್ಡಿ ಮಾತ್ರ ಆ ಕಡೆ ಇಡು. ಫ್ಯಾನು ಹೊಗೆ ಎಳ್ಕಂತೈತೆ, ನಿಮ್ಮ ನಾಯ್ನಗೆ ಕೆಮ್ಮು ಬಂದೀತು."

ತಮ್ಮ ನಗಲಿಲ್ಲ. ಮಿಸ್ ನನ್ನ ಕಡೆ ತಿರುಗಿ, "ಬೇರೆ ಅಂಚು ತೆಗಿಯಮ್ಮ" ಎಂದರು. ಅನ್ನಪಕ್ಷಿ ಎಂಬ ಹಂಸದ ಅಂಚು ತೆಗೆದೆ. ಅದರ ಕತ್ತಿನಲ್ಲಿ ಎರಡು ಚುಕ್ಕಿ ಇಲ್ಲ. ಕತ್ತು ತುಂಡಾದಂತೆ ಕಾಣುತ್ತಿತ್ತು. ರುದ್ರಾಕ್ಷಿ ತೆಗೆದೆ. ಒಂದು ಮಣಿ ಸೀಳಿತ್ತು. ಹೂಬಳ್ಳಿಯ ನಡುವೆ ಎಲ್ಲಿಂದಲೋ ಬಂದ ಚುಕ್ಕಿಯೊಂದು ಒಂಟಿಯಾಗಿ ಕುಳಿತಿತ್ತು. ಗಿಣಿಯೊಂದನ್ನೇ ನೋಡುತ್ತ ನಾನು ಇವನ್ನು ನೋಡಿಯೇ ಇರಲಿಲ್ಲ.

"ಇವನ್ನೂ ನಿಮ್ಮ ನಾಯ್ನಾನೇ ಮಾಡಿದ್ರಾ?" ಮಿಸ್ ಮೆಲ್ಲಗೆ ಕೇಳಿದರು. "ಇದು ಅವರು ಬರೋದಲ್ಲಪ್ಪ. ಹೋಗೋದು. ದಿನಾ ಒಂದೊಂದು ಚುಕ್ಕಿ ಹೋಗ್ತಾ ಅವ್ರೆ."

"ನಮ್ಮ ನಾಯ್ನನ್ನ ಇನ್ನೊಂದ್ಸಲ ಸಾಯಿಸ್ತೀರೇನ್ರಿ ನೀವು?" ತಮ್ಮ ಎದ್ದು ನಿಂತ.

ಮಿಸ್ ಬಳೆ ತೆಗೆದು ಕಿಟಕಿಯ ಮೇಲಿಟ್ಟರು. ಕಂಪ್ಯೂಟರಿನ ನೆನಪು ಸರಿಯಿದೆಯೇ ಎಂದು ನೋಡುವ ಒಂದು ಪರೀಕ್ಷೆ ಹಚ್ಚಿ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಗೆರೆಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಒಳಗಿದ್ದ ಎರಡು ಬೆರಳಗಲದ ಉದ್ದನೆಯ ಎರಡು ನೆನಪಿನ ಪಟ್ಟಿಗಳಲ್ಲಿ ಒಂದನ್ನು ಕಿತ್ತರು. ಅದು ರ‍್ಯಾಮ್. ಮತ್ತೆ ಪರೀಕ್ಷೆ ಹಚ್ಚಿದರು. ಕೆಂಪು ಬರಲಿಲ್ಲ.

"ಒಂದು ನಕ್ಷೆ ತೆರೆದ್ರೂ ಎಲ್ಲಾ ನಕ್ಷೆನೂ ಇದ್ರಾಗೆ ಬಂದು ಕೂರ್ತಾವೆ, ಇಲ್ಲಿಂದ ವಾಪಸ್ ಹೋಗ್ತಾವೆ. ಇದು ಕೊಟ್ಟಿದ್ದನ್ನ ಕೊಟ್ಟಂಗೆ ವಾಪಸ್ ಕೊಡ್ತಿಲ್ಲ. ಹಳೇ ಬೋರ್ಡಿನ ನಿಧಾನಕ್ಕೆ ನಡೀತಿತ್ತು, ಹೊಸದರ ಓಟಕ್ಕೆ ತಡೀಲಿಲ್ಲ. ಹಳೇ ಪಟ್ಟಿ ಚೆನ್ನಾಗೈತಲ್ಲ, ಯಾಕೆ ಎಸೀಬೇಕು ಅಂತ ನಾನೇ ಉಳಿಸಿದ್ದು." ಆ ಪಟ್ಟಿಯನ್ನು ಸೆರಗಿನ ತುದಿಯಲ್ಲಿ ಒರೆಸಿ ತಮ್ಮನ ಕೈಯಲ್ಲಿಟ್ಟರು. "ತಪ್ಪು ನಂದಪ್ಪ."

"ಅರ್ಧ ನಂದು ಮಿಸ್" ಎಂದೆ. ತಮ್ಮ ಎದ್ದು ಹೋದ.

ಮುಂದಿನ ವಾರ ಅವನೇ ಒಂದು ಚೀಲ ತಂದು ಬಾಗಿಲಲ್ಲಿಟ್ಟ. ಅವ್ವನ ಸೀರೆ, ಅತ್ತೆಯರ ಸೀರೆ, ಮೂವತ್ತು ವರ್ಷದ ಹಿಂದೆ ನಾಯ್ನನ ನಕ್ಷೆಗೆ ನೇಯ್ದವು. ಮಿಸ್ ಹೇಳಿ ಕಳಿಸಿದ್ದರು. ಕೆಟ್ಟ ನಕ್ಷೆಗಳನ್ನು ಆ ಸೀರೆ ನೋಡಿ ತಿದ್ದಲು ಅಂದಿನಿಂದ ದಿನಾ ಮಧ್ಯಾಹ್ನ ಮಿಸ್ ಬಂದರು. ನಾನು ಭೂತಗನ್ನಡಿ ಹಿಡಿದು ಸೀರೆಯ ಅಂಚು ಓದುವುದು: ಎತ್ತು, ಎತ್ತು, ಬಿಡು, ಎತ್ತು. ಅವರು ಕೀಲಿಮಣೆ ನೋಡದೆ ಚುಕ್ಕಿ ಇಡುವುದು. ಸಂಜೆಯ ಹೊತ್ತಿಗೆ ಒಂದು ಹಕ್ಕಿ ಮುಗಿದರೆ ಹೆಚ್ಚು.

ಎರಡನೆಯ ವಾರ ಒಂದು ಸಂಗತಿ ಗಮನಿಸಿದೆ. ನಾನು ಹೇಳುವ ಮೊದಲೇ ಕೀಲಿಯ ಸದ್ದು ಬರುತ್ತಿತ್ತು. ಎಳೆ ಎಣಿಸಿ ತಲೆಯೆತ್ತಿದರೆ ಚುಕ್ಕಿ ಆಗಲೇ ಅಲ್ಲಿದೆ, ಸರಿಯಾದ ಮನೆಯಲ್ಲೇ.

"ನಿಮಗೆ ಹೆಂಗೆ ಗೊತ್ತಾಯ್ತು ಮಿಸ್?"

"ಗೊತ್ತಿಲ್ಲಮ್ಮ. ಕೈಗೆ ಬಂತು" ಎಂದರು. ಆ ದಿನ ಟೀ ಕುಡಿಯದೆ ಹೋದರು.

ಗಿಣಿ ಕೊನೆಗೆ ಉಳಿಯಿತು. ಅದಕ್ಕೆ ಹೋಲಿಸಲು ಸೀರೆ ಇಲ್ಲ. ಮಿಸ್ ಪರದೆಯನ್ನು ದಿಟ್ಟಿಸುತ್ತ ಕುಳಿತರು. "ಬೇರೆ ಕಡೆಯೆಲ್ಲ ಚುಕ್ಕಿ ಹೋಗೈತೆ, ಇಲ್ಲಾ ಬಂದೈತೆ. ಒಂದು ಕಡೆ ಹೋಗಿ ಪಕ್ಕದಲ್ಲೇ ಬಂದು ಕೂತಿರೋದು ಇದೊಂದೇ. ಆ ಪಟ್ಟಿ ಹಂಗೂ ಮಾಡಬಹುದು. ಮಾಡ್ತು ಅಂತ ನಾನು ಹೇಳಲಾರೆ." ಅವರ ಕೈ ಕೀಲಿಯ ಮೇಲೆ ನಿಂತಿತು, ಇಳಿಯಲಿಲ್ಲ. "ಇದನ್ನ ಹಿಂಗೇ ಬಿಡ್ತೀನಿ. ನಾನು ಸರಿಸಿದ್ರೆ ಅದು ನಂದಾಗ್ತೈತೆ."

ಎಲ್ಲವನ್ನೂ ಮೂರು ಕಾಪಿ ಮಾಡಿ, ಒಂದನ್ನು ಮೊಳಕಾಲ್ಮೂರಿಗೆ ಕಳಿಸಿದರು. ಆ ಬೇಸಿಗೆಯಲ್ಲೇ ಜ್ವರವೆಂದು ಮಲಗಿದವರು ಏಳಲಿಲ್ಲ. ಗೌರಸಮುದ್ರದಲ್ಲಿ ಅವರ ಅಣ್ಣನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ತಮ್ಮ ಬಂದಿದ್ದ. ಎಲ್ಲರೂ ಹೋದ ಮೇಲೂ ಅಲ್ಲೇ ನಿಂತಿದ್ದ.

ಮೊನ್ನೆ ಮೊಳಕಾಲ್ಮೂರಿಗೆ ಹೋದಾಗ ಅವನು ಮಗ್ಗಕ್ಕೆ ಅನ್ನಪಕ್ಷಿ ಹಚ್ಚಿದ್ದ. ಲಾಳಿ ನಿಲ್ಲಿಸಿ ಕೇಳಿದ: "ಅಕ್ಕಾ, ಇದ್ರಾಗೆ ನಾಯ್ನನ ಚುಕ್ಕಿ ಯಾವುವು, ಮಿಸ್ ಅವರವು ಯಾವುವು?"

ಕನ್ನಡಕ ಹಾಕಿಕೊಂಡು ಬಾಗಿದೆ. ಹಕ್ಕಿಯ ಕತ್ತಿನುದ್ದಕ್ಕೂ ಬೆರಳಾಡಿಸಿದೆ. ನಾನೇ ಕೂತು ಓದಿ ಹೇಳಿದ ಎಳೆಗಳು.

"ಗೊತ್ತಾಗ್ತಾ ಇಲ್ಲ ಕಣೋ."

"ನನಗೂ" ಎಂದು ಅವನು ಮತ್ತೆ ಲಾಳಿ ಎಸೆದ. ಅಂಚು ಒಂದೊಂದೇ ಎಳೆ ಬೆಳೆಯತೊಡಗಿತು. ನಾನು ಬೆಳಕಿಗೆ ಅಡ್ಡ ನಿಂತಿದ್ದೇನೆ ಅನ್ನಿಸಿತು. ತಮ್ಮನಿಗಲ್ಲ, ಅವನ ದೀಪ ಆ ಕಡೆಗಿತ್ತು; ನನ್ನ ಹಿಂದೆ ಇನ್ನಿಬ್ಬರು ಬಾಗಿ ಅಂಚು ನೋಡುತ್ತಿದ್ದಂತೆ. ಮೆಲ್ಲಗೆ ಪಕ್ಕಕ್ಕೆ ಸರಿದು ಕುಳಿತೆ.